ಫ್ಲಾವಿಯಾಳ ರೇಡಿಯೇಟರ್

ಬಾವಿಯಿಂದ ನೀರು ಸೇದುವುದು. ಅತ್ತೆಯ ಸ್ನಾನಕ್ಕೆ ಒಲೆ ಹಚ್ಚುವುದು. ಬಂಗುಡೆ ಶುಚಿ ಮಾಡಿ ಮಸಾಲೆ ಹಚ್ಚಿಡುವುದು. ಮಕ್ಕಳ ಯೂನಿಫಾರಂಗೆ ಇಸ್ತ್ರಿ. ಗಂಡನ ಗ್ರೀಸು ಮೆತ್ತಿದ ಪ್ಯಾಂಟನ್ನು ಸೀಮೆಎಣ್ಣೆಯಲ್ಲಿ ತಿಕ್ಕುವುದು. ಫಳ್ನೀರಿನ ಆ ಮನೆಯಲ್ಲಿ ಬೆಳಕು ಹರಿಯುವ ಮೊದಲು ಇಷ್ಟೂ ಆಗಬೇಕು. ಇದರ ನಡುವೆ, ಗಂಜಿ ಕುದಿಯುವಷ್ಟು ಹೊತ್ತಿನಲ್ಲಿ, ಫ್ಲಾವಿಯಾ ಒಂದು ವಿಮಾನದ ಇಂಜಿನಿನೊಳಗೆ ನೀರು ಹರಿಯಬೇಕಾದ ದಾರಿಯನ್ನು ಬರೆಯುತ್ತಿದ್ದಳು.

ಗಂಡ ಬಾಸಿಲ್ ೧೯೮೨ರಲ್ಲಿ ಬಹರೇನಿನಿಂದ ಬರುವಾಗ ಯಾವುದೋ ಕಾರಿನ ರೋಟರಿ ಇಂಜಿನ್ ತಂದಿದ್ದ. ಅದಕ್ಕೆ ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರ್ ಒಳಗೇ ಸುತ್ತುತ್ತದೆ. ಗೆಳೆಯ ನಿತ್ಯಾನಂದನ ಹೋಟೆಲಿನ ಹಣದಲ್ಲಿ ಹಿತ್ತಲಿನ ಶೆಡ್ಡಿನಲ್ಲಿ ಪುಟ್ಟ ವಿಮಾನವೊಂದು ಎದ್ದು ನಿಂತಿತು. ಆದರೆ ಇಂಜಿನ್ ಚಾಲೂ ಮಾಡಿದಾಗಲೆಲ್ಲ ಕುದಿಯುತ್ತಿತ್ತು. ಅದರ ಮೈಯೆಲ್ಲ ಒಂದೇ ಸಮ ಕಾಯುವುದಿಲ್ಲ, ಕಿಡಿ ಹತ್ತುವ ಬದಿಯೇ ಸುಡುತ್ತದೆ ಎಂದು ಕಂಡುಕೊಂಡವಳು ಫ್ಲಾವಿಯಾ. ನೀರು ಮೊದಲು ಅಲ್ಲಿಗೇ ಹೋಗುವಂತೆ ಮಾಡಿದವಳು, ಎಣ್ಣೆಯನ್ನು ತಣಿಸಲು ಬೇರೆಯೇ ರೇಡಿಯೇಟರ್ ಬೇಕೆಂದು ಹಟ ಹಿಡಿದವಳು ಅವಳೇ. ಕುದಿಯುವುದು ನಿಂತಿತು.

"ಬಾಯಮ್ಮನಿಗೆ ಇದೆಲ್ಲ ಎಲ್ಲಿಂದ ಗೊತ್ತು ಮಾರಾಯ?" ನಿತ್ಯಾನಂದ ಬಾಸಿಲ್‌ನನ್ನು ಕೇಳಿದ. ಫ್ಲಾವಿಯಾ ಎದುರಿಗೇ ನಿಂತಿದ್ದಳು.

"ಸನ್ನದ ಹಿಟ್ಟು ಹಬೆಯಲ್ಲಿ ಬೇಯಿಸಿ ಬೇಯಿಸಿ ಅದರ ಗುಟ್ಟು ಸಿಕ್ಕಿದೆ ಅವಳಿಗೆ," ಎಂದ ಬಾಸಿಲ್.

"ಸನ್ನ ಅಲ್ಲ, ಪಾಲಿಟೆಕ್ನಿಕ್," ಎಂದಳು ಫ್ಲಾವಿಯಾ. "ಮೆಕಾನಿಕಲ್ ಡಿಪ್ಲೊಮಾ. ಥರ್ಮೋಡೈನಮಿಕ್ಸ್‌ನಲ್ಲಿ ನಾನು ಫಸ್ಟ್ ಕ್ಲಾಸ್. ನೀನು ಫೇಲಾದ ಪೇಪರು ಅದು."

"ನೋಡು, ಸಿಟ್ಟು ಬಂತು!" ಬಾಸಿಲ್ ನಕ್ಕ. "ಹೋಗು, ಎರಡು ಚಾ ಮಾಡು."

ಅವಳು ಚಾ ಮಾಡಿದಳು. ಒಂದೇ ತರಗತಿಯಲ್ಲಿ ಕೂತು ಕಲಿತವರಲ್ಲಿ ಒಬ್ಬ ವಿಮಾನ ಕಟ್ಟುವವನು, ಇನ್ನೊಬ್ಬಳು ಚಾ ಮಾಡುವವಳು. ಹಾಗೆ ಹಂಚಿದ್ದು ಯಾರು?

ಮುಂದಿನ ಆದಿತ್ಯವಾರ ಬಜಪೆಯ ಹತ್ತಿರದ ಬಯಲಿನಲ್ಲಿ ಬಾಸಿಲ್ ವಿಮಾನ ಹಾರಿಸುವುದೆಂದು ತೀರ್ಮಾನವಾಯಿತು. ಶುಕ್ರವಾರ ಶೆಡ್ಡಿಗೆ ಹೋದ ಫ್ಲಾವಿಯಾಳಿಗೆ ಇಂಜಿನಿನ ಮೇಲಿನ ಸಪೂರ ಕೊಳವೆ ಕಾಣಲಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಹೋಗಲೆಂದು ಅವಳು ಹಾಕಿಸಿದ್ದ ಕೊಳವೆ ಅದು.

"ಅದೆಂತ ಆಸ್ಪತ್ರೆಯ ಡ್ರಿಪ್ಪಿನ ಹಾಗೆ? ನೋಡುವವರು ನಗ್ತಾರೆ," ಎಂದ ಬಾಸಿಲ್. "ಅದಿಲ್ಲದೆಯೂ ಓಡಿಸಿ ನೋಡಿದೆವು. ಎಂತದೂ ಆಗ್ಲಿಲ್ಲ."

"ಬಗ್ಗಿದರೆ ಸೊಂಟ ನೋಯ್ತದೆ ಅಂತ ವಿಮಾನದ ಬಾಲವನ್ನು ಸ್ಟೂಲಿನ ಮೇಲೆ ಇಟ್ಟು ಓಡಿಸಿದ್ದು ನೀವು. ಆಗ ಇಂಜಿನ್ ಸಮ ಇತ್ತು. ಬಯಲಿನಲ್ಲಿ ಬಾಲ ನೆಲಕ್ಕೆ, ಮೂತಿ ಮೇಲಕ್ಕೆ. ಗಾಳಿ ಆ ಸುಡುವ ಜಾಗದಲ್ಲೇ ನಿಲ್ತದೆ. ಬಿಸಿ ಅಳೆಯುವ ಮೀಟರಿನ ತುದಿಗೆ ನೀರೇ ತಾಗುವುದಿಲ್ಲ, ಮುಳ್ಳು ಎಲ್ಲ ಸರಿ ಉಂಟು ಅಂತಲೇ ತೋರಿಸ್ತದೆ. ನೀನು ಮೇಲೆ ಇರುವಾಗ ಇಂಜಿನ್ ಬಿಗಿದು ನಿಲ್ತದೆ, ಬಾಸಿಲ್."

"ಬಾಯಮ್ಮ, ಶುಭಕಾರ್ಯದ ಮೊದಲು ಅಪಶಕುನ ಬೇಡ," ಎಂದ ನಿತ್ಯಾನಂದ.

ಶನಿವಾರ ಮಧ್ಯಾಹ್ನ ಗಂಡಸರಿಬ್ಬರೂ ಬಯಲಿನ ಕಲ್ಲು ಹೆಕ್ಕಿಸಲು ಹೋದರು. ಕಳಚಿದ ಕೊಳವೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಫ್ಲಾವಿಯಾ ಅದನ್ನು ಎತ್ತಿ ಒರೆಸಿ ಸ್ಪ್ಯಾನರ್ ಹಿಡಿದಳು. ಮೆಲ್ಲಗೆ ಜೋಡಿಸಿ ಹೊರಗಿನಿಂದ ಕಾಣದ ಹಾಗೆ ತಗಡಿನ ಮರೆ ಕೊಡಬಹುದಿತ್ತು. ಹಾಗೆ ಮಾಡಿದ್ದರೆ ಬಾಸಿಲ್ ಹಾರುತ್ತಿದ್ದ, ಇಳಿಯುತ್ತಿದ್ದ, ಜನರ ಹೆಗಲ ಮೇಲೆ ಮೆರೆಯುತ್ತಿದ್ದ. ಕೊಳವೆ ಬೇಕಿರಲಿಲ್ಲ ಎಂದು ಸಾಯುವವರೆಗೂ ಹೇಳುತ್ತಿದ್ದ. ಮದುವೆಯಾದಂದಿನಿಂದ ಅವನ ತಪ್ಪುಗಳನ್ನೆಲ್ಲ ಅವಳು ಹೀಗೇ, ಸದ್ದಿಲ್ಲದೆ, ಸರಿಮಾಡುತ್ತ ಬಂದಿದ್ದಳು.

ಅವಳು ಕೊಳವೆಯನ್ನು ಕೆಳಗಿಟ್ಟಳು. ಇಂಜಿನಿನ ಅಡಿಯ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರೆಲ್ಲ ನೆಲಕ್ಕೆ ಹರಿಯಿತು. ಆಮೇಲೆ ತಾನು ಬರೆದು ಮಾಡಿಸಿದ ರೇಡಿಯೇಟರ್‌ಗಳನ್ನು, ನೀರಿನದು, ಎಣ್ಣೆಯದು, ಎರಡನ್ನೂ ಒಂದೊಂದೇ ಬೋಲ್ಟು ಬಿಚ್ಚಿ ಇಳಿಸಿ, ಶೆಡ್ಡಿನ ಬಾಗಿಲು ತೆರೆದವರಿಗೆ ಮೊದಲು ಕಾಣುವಲ್ಲಿ ಇಟ್ಟಳು.