ನೀರು ಹಾಕುವ ಅಜ್ಜಿ ಮತ್ತು ಆ ನೆಗಡಿ

ಕಳೆದ ವಾರ ವಿಜಯನಗರದ ಗ್ರಂಧಿಗೆ ಅಂಗಡಿಯಲ್ಲಿ ಯಾರೋ ಸಾಂಬ್ರಾಣಿ ಕಟ್ಟಿಸಿಕೊಳ್ಳುತ್ತಿದ್ದರು. ಆ ವಾಸನೆಗೆ ನಾನು ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು.

ಅಕ್ಕನ ಬಾಣಂತನ ನಮ್ಮ ಮೂಡಲಪಾಳ್ಯದ ಮನೆಯಲ್ಲಿ ನಡೆದಿತ್ತು. ಮಗುವಿಗೆ ನೀರು ಹಾಕಲು ಕುರುಬರಹಳ್ಳಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ಹಚ್ಚಿ, ನೀರು ಹಾಕಿ, ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಹಿಡಿಯುತ್ತಿದ್ದರು. ಮಗು ಅತ್ತರೆ, "ಅಳಪ್ಪ, ಅಳು. ನಿಮ್ಮಮ್ಮ ಇದಕ್ಕಿಂತ ಜೋರಾಗಿ ಅತ್ತಿದ್ಲು" ಎನ್ನುವರು. ಅಕ್ಕನಿಗೂ ನನಗೂ ನೀರು ಹಾಕಿದ್ದು ಅವರೇ.

ನಲವತ್ತು ದಿನ ತುಂಬಿದ ವಾರ ಮಗುವಿಗೆ ನೆಗಡಿ ಶುರುವಾಯಿತು. ಎರಡು ಗುಟುಕಿಗೇ ಹಾಲು ಬಿಡುತ್ತಿತ್ತು. ಹೊಗೆ ಜಾಸ್ತಿ ಹಾಕಿದರೆ ಶೀತ ಕರಗುತ್ತದೆಂದು ಅಮ್ಮ ತಾವೇ ಕೆಂಡ ತಂದಿಟ್ಟರು. ಅಜ್ಜಿ ಮಗುವಿನ ಬಟ್ಟೆ ಬಿಚ್ಚಿ ಕಾಲ ಮೇಲೆ ಮಲಗಿಸಿಕೊಂಡರು. ಎಣ್ಣೆ ಮುಟ್ಟಲಿಲ್ಲ.

"ಕೆಂಡ ಆಚೆ ಇಡವ್ವ. ಪಕ್ಕೆ ಎಳೀತಾ ಇದೆ."

"ಮೂಗು ಕಟ್ಟಿದೆ ಅಷ್ಟೆ ಅಜ್ಜಿ," ಎಂದರು ಅಮ್ಮ.

"ಮೂಗು ಕಟ್ಟಿದ್ರೆ ಹೊಟ್ಟೆ ಯಾಕವ್ವ ಹಿಂಗೆ ಹಾರುತ್ತೆ? ಇವತ್ತು ನೀರು ಬೇಡ. ಆಸ್ಪತ್ರೆಗೆ ನಡೀರಿ."

ನಾವು ಮಗುವನ್ನು ನೋಡುತ್ತಿದ್ದುದು ಸುತ್ತಿದ ಬಟ್ಟೆಯೊಳಗೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದುದು ಆಗ ಕಂಡಿತು... ಆಟೋದಲ್ಲಿ ನಾನು ಉಸಿರು ಎಣಿಸುತ್ತಾ ಹೋದೆ. ಚಂದ್ರಾ ಲೇಔಟ್ ಸಿಗ್ನಲ್ಲಿನಲ್ಲಿ ಒಂದು ಉಸಿರು ಬರಲೇ ಇಲ್ಲ. ಅಕ್ಕ ಪಾದ ತಿಕ್ಕಿದಳು. ಮತ್ತೆ ಬಂತು.

ವೈದ್ಯೆ ಆರ್‌ಎಸ್‌ವಿ ಎಂದರು. ದೊಡ್ಡವರಲ್ಲಿ ಬರಿಯ ನೆಗಡಿಯಾಗಿ ಹೋಗುವ ವೈರಸ್ಸು. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಮೂಗು ಶುಚಿ ಮಾಡಿ, ಆಮ್ಲಜನಕ ಕೊಟ್ಟು, ನಳಿಕೆಯಲ್ಲಿ ಹಾಲು ಹನಿಸಿ ಕಾಯಬೇಕು. ಹೊಗೆಯಂತೂ ಕೂಡದು. "ಮನೇಲಿ ಯಾರಿಗೆ ನೆಗಡಿ ಇತ್ತು?" ಎಂದು ಕೇಳಿದರು.

"ನೀರು ಹಾಕೋ ಅಜ್ಜಿಗೆ. ಮೊನ್ನೆಯಿಂದ ಮೂಗು ಒರೆಸ್ಕೋತಾ ಇದ್ರು," ಎಂದರು ಅಮ್ಮ.

ನಾನು ಸುಮ್ಮನಿದ್ದೆ. ಅಜ್ಜಿಗಿಂತ ಮೂರು ದಿನ ಮೊದಲು ನೆಗಡಿ ಬಂದಿದ್ದು ನನಗೆ. ಕಾಲೇಜಿನಿಂದ ಬಂದವಳೇ ಕೈ ತೊಳೆಯದೆ ಮಗುವನ್ನು ಎತ್ತಿಕೊಂಡು ಮುತ್ತಿಟ್ಟಿದ್ದೆ...

ಐದು ದಿನಕ್ಕೆ ಮಗು ಆಮ್ಲಜನಕದ ನೆರವಿಲ್ಲದೆ ಉಸಿರಾಡಿತು. ಮನೆಗೆ ಬಂದ ಮೇಲೆ ಅಮ್ಮ ಅಜ್ಜಿಗೆ ಫೋನ್ ಮಾಡಿ, ಇನ್ನು ಬರುವುದು ಬೇಡ, ನಿಮ್ಮ ನೆಗಡಿಯಿಂದಲೇ ಹೀಗಾಯಿತು ಎಂದರು. "ಹಾಲು ಕುಡೀತಿದ್ಯಾ?" ಎಂದಷ್ಟೇ ಅಜ್ಜಿ ಕೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ಆ ಮಗು ಈಗ ಒಂದನೇ ತರಗತಿ. ಅಜ್ಜಿ ಹೋದ ವರ್ಷ ತೀರಿಕೊಂಡರಂತೆ. ನೆಗಡಿಯಾದರೆ ನಾನು ಎಳೆಗೂಸಿರುವ ಮನೆಗೆ ಹೋಗುವುದಿಲ್ಲ; ಏಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹೇಳಲೇಬೇಕಿದ್ದ ಅಜ್ಜಿಯ ಮನೆ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿಯಲ್ಲಿತ್ತು. ಅವರಿದ್ದಷ್ಟು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.