ಸೂಜಿಯ ಕುರ್ಚಿ

ವರ್ನಾ ಗ್ರಿಸ್ನಿಕ್ ಕಾನ್ಸಾಸ್ ಸಿಟಿಯ ಕ್ರೊಯೇಷಿಯನ್ ಕೇರಿಯವಳು; ತಂದೆ ಕಸಾಯಿಖಾನೆಯಲ್ಲಿ ದುಡಿದವನು. ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಅವಳ ಕೂದಲಿನ್ನೂ ಕಪ್ಪಗಿತ್ತು. ಕಣ್ಣಿಲ್ಲದ, ಗುಲಾಬಿ ಮೈಯ ಗುಹೆಮೀನುಗಳನ್ನು ಸಾಕುವುದು ಅವಳ ಕೆಲಸ. ಅವು ಕತ್ತಲಲ್ಲಿ ಮೊಟ್ಟೆಯಿಡುವುದರಿಂದ ಮೀನುಕೋಣೆಯಲ್ಲಿ ಹಗಲನ್ನೇ ಇರುಳು ಮಾಡಿದ್ದೆವು. ವರ್ನಾ ನೀರನ್ನು ಮೆಲ್ಲಗೆ ಬೆಚ್ಚಗಾಗಿಸಿ ಅವುಗಳನ್ನು ಒಲಿಸುತ್ತಿದ್ದಳು.

ಮೊಟ್ಟೆಗಳನ್ನು ಸೋಸಿ, ಬಟ್ಟಲಲ್ಲಿ ಪಕ್ಕದ ಕೋಣೆಗೆ ತರಬೇಕು. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತವರು ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಒಂದೊಂದಕ್ಕೂ ವಂಶವಾಹಿಯನ್ನು ತಿದ್ದುವ ಹನಿ ಹಾಕುತ್ತಾರೆ. ಮೊಟ್ಟೆ ಒಂದೇ ಕೋಶವಾಗಿರುವಾಗಲೇ ಹಾಕಬೇಕು. ಎರಡಾದ ಮೇಲೆ ಹಾಕಿದರೆ ತಿದ್ದುಪಡಿ ಮೈತುಂಬ ಹರಡುವುದಿಲ್ಲ.

ಆ ಕುರ್ಚಿಯನ್ನು ವರ್ನಾ ವರ್ಷಗಟ್ಟಲೆ ಬಯಸಿದ್ದಳು. ಸಿಕ್ಕಿದ್ದು ಜನೆಲ್‌ಗೆ, ಬಲೆ ಹಿಡಿಯುವುದನ್ನು ವರ್ನಾಳಿಂದಲೇ ಕಲಿತ ಹುಡುಗಿಗೆ.

ಸೋಮವಾರ ನಮಗೆಲ್ಲ ಅಕ್ರೋಟಿನ ಸುರುಳಿ ಬ್ರೆಡ್ಡು ತರುವ ವರ್ನಾ, ಜನೆಲ್‌ಳ ಚೂರನ್ನು ಮಾತ್ರ ಆಚೆ ಬದಿ ಕಾಣುವಷ್ಟು ತೆಳ್ಳಗೆ ಕೊಯ್ಯತೊಡಗಿದಳು. ಜನೆಲ್ ನಕ್ಕರೆ ಅವಳಿಗೆ ಉರಿ. ಯಾರಾದರೂ ಜನೆಲ್‌ಳ ಕೈಯನ್ನು ಹೊಗಳಿದರೆ ಇನ್ನೂ ಉರಿ. ಕೊನೆಗೆ ಆ ಉರಿ ಕಾಲಿಗಿಳಿಯಿತು. ಒಂದು ದಿನ ಮೊಟ್ಟೆಯ ಬಟ್ಟಲು ಹಿಡಿದೇ ಬಾಗಿಲಲ್ಲಿ ನಿಂತು ಯಾರೊಂದಿಗೋ ಬಹಳ ಹೊತ್ತು ಹಿಮದ ಸುದ್ದಿ ಮಾತಾಡಿದಳು. ನಾನು ಆಚೆ ಮೇಜಿನ ಬಳಿಯಿದ್ದೆ.

ಜನೆಲ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಳು. “ಎಲ್ಲಾ ಎರಡಾಗ್ಬಿಟ್ಟಿವೆ, ವರ್ನಾ.”

“ಲಿಫ್ಟು ತಡ ಆಯ್ತು.”

“ಪಕ್ಕದ ಕೋಣೆಯಿಂದ ಬರೋಕೆ ಲಿಫ್ಟಾ?”

ವರ್ನಾ ಖಾಲಿ ಬಟ್ಟಲನ್ನು ಎತ್ತಿಕೊಂಡು ಬಾಗಿಲತ್ತ ತಿರುಗಿದಳು.

“ಸಿಟ್ಟಿದ್ರೆ ನನಗೆ ಬಯ್ರಿ. ಬ್ರೆಡ್ಡೂ ಕೊಡ್ಬೇಡಿ. ಮೊಟ್ಟೆಗಳನ್ನ ಮಾತ್ರ ಹಾಳ್ಮಾಡ್ಬೇಡಿ.”

ಜನೆಲ್ ಯಾರಿಗೂ ದೂರು ಹೇಳಲಿಲ್ಲ. ಆ ದೊಡ್ಡತನ ಬೇರೆ ವರ್ನಾಳನ್ನು ಸುಟ್ಟಿತು.

ಮೀನುಗಳು ಮತ್ತೆ ಮೊಟ್ಟೆಯಿಟ್ಟಾಗ ಅವಳು ಓಡುತ್ತಲೇ ಬಂದಳು. ಬಟ್ಟಲಿಟ್ಟು ಹೋಗದೆ, ಕುರ್ಚಿಯ ಹಿಂದೆ ನಿಂತು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆ ನೋಡಿದಳು. ಸೂಜಿ ತಾಗಿ ಒಂದು ಮೊಟ್ಟೆ ಒಡೆಯಿತು.

“ನಾನಾಗಿದ್ರೆ ಒಡೀತಿರ್ಲಿಲ್ಲ.”

ಜನೆಲ್ ಎದ್ದು ಕುರ್ಚಿ ಸರಿಸಿದಳು. “ಕೂತ್ಕೊಳ್ಳಿ, ಮತ್ತೆ.”

ಅದು ಕುಹಕವಾಗಿರಲಿಲ್ಲ. ವರ್ನಾ ಕುರ್ಚಿಯ ಬೆನ್ನನ್ನು ಮುಟ್ಟಿದಳು. ಪರದೆಯ ಮೇಲೆ ಉಳಿದ ಮೊಟ್ಟೆಗಳು ಇನ್ನೂ ಒಂದೊಂದೇ ಕೋಶವಾಗಿ ಹೊಳೆಯುತ್ತಿದ್ದವು. ತನ್ನ ಕೈ ಸೂಜಿಗೆ ಪಳಗುವಷ್ಟರಲ್ಲಿ ಅವು ಎರಡಾಗುತ್ತವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ನೀನೇ ಕೂರು. ಹೊತ್ತು ಹೋಗ್ತಿದೆ,” ಎಂದು ಗದರಿ, ಜನೆಲ್‌ಳ ಭುಜ ಒತ್ತಿ ಕೂರಿಸಿದಳು. ಕೊನೆಯ ಮೊಟ್ಟೆಯವರೆಗೂ ಹಲ್ಲು ಕಚ್ಚಿಕೊಂಡು ಅಲ್ಲೇ ನಿಂತಿದ್ದಳು.