ಮೇನೆಗೆ ಬಂದ ಭಾರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ನಗು ತಡೆದುಕೊಂಡು ಕೇಳುತ್ತಿದ್ದವಳು ನಾನು. ಭೌತಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದ್ದೆ. ಅಳೆಯಲು ಬಾರದ್ದನ್ನು ನಂಬುವುದಿಲ್ಲ ಎಂಬ ಹಟ ಇತ್ತು. ಆ ಹಟ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಭಂಡಿಗಡಿ ಕಡೆಯ ಒಂದು ಹಳ್ಳದ ದಡದಲ್ಲಿ, ಹಾಡಹಗಲಲ್ಲಿ, ನಾನೂ ನನ್ನನ್ನು ಹೊತ್ತಿದ್ದ ನಾಲ್ವರೂ ಐದಾರು ಹೆಜ್ಜೆಯ ಅಂತರದಲ್ಲಿ ಸಾವಿನಿಂದ ಉಳಿದೆವು. ಉಳಿಸಿದ್ದು ಏನು ಎಂದು ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎರಡು ಸಾವಿರದ ಐದೋ ಆರೋ ಇರಬೇಕು. ಕೊಪ್ಪದ ಹವ್ಯಾಸಿ ನಾಟಕ ತಂಡವೊಂದರಲ್ಲಿ ಪಾತ್ರ ಮಾಡುತ್ತಿದ್ದೆ. ನಮ್ಮ ನಾಟಕ ನೋಡಿದ್ದ ಸುಧೀರ ಎಂಬ ಫೋಟೋಗ್ರಾಫರ್, ಸೀರೆ ಅಂಗಡಿಯೊಂದರ ಜಾಹೀರಾತಿಗೆ ನನ್ನನ್ನು ಕೇಳಿದ. ನೂರು ವರ್ಷದ ಹಿಂದೆ ಮೇನೆಯಲ್ಲಿ ಕೂತು ಗಂಡನ ಮನೆಗೆ ಹೊರಟ ಮದುಮಗಳು ನಾನಾಗಬೇಕು. ತಂಡದಲ್ಲಿ ನನಗೆ ಸಿಗುತ್ತಿದ್ದದ್ದೆಲ್ಲ ಅತ್ತೆಯ ಪಾತ್ರ, ಇಲ್ಲವೆಂದರೆ ಪಕ್ಕದ ಮನೆಯ ಜಗಳಗಂಟಿ. ಸಂತೋಷದಿಂದ ಒಪ್ಪಿಕೊಂಡೆ.

ಆ ದಿನ ಬೆಳಗಿನಿಂದಲೇ ಹಬ್ಬದಂತಿತ್ತು. ಹಳ್ಳದ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ನನ್ನನ್ನು ಸಿಂಗರಿಸಿದರು. ಜಡೆಬಿಲ್ಲೆ, ಡಾಬು, ಮೂಗಿಗೆ ಅಂಟಿಸಿದ ನತ್ತು. ಕೈಗಡಿಯಾರ ಬಿಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗೆ ಉಳಿದಿತ್ತು. ಆ ಕಾಲದ ಹೆಣ್ಣಿಗೆ ವಾಚೆಲ್ಲಿಂದ ಬರಬೇಕು ಎಂದು ಅದಕ್ಕೂ ಬಣ್ಣ ಹಚ್ಚಿದರು.

ಮೇನೆ ಹಳೆಯದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೇಳಿದವರೆಲ್ಲ ಮೊದಲು ಕೇಳುವುದು ಅದು ಯಾರದೆಂದು. ಶಿವಮೊಗ್ಗದ ಬಡಗಿಯೊಬ್ಬ ಹಿಂದಿನ ವಾರ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟದ್ದು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಒಂದು ಹತ್ತಿಯ ಹಾಸಿಗೆ, ಎರಡು ಬದಿಗೆ ಪರದೆ. ಉದ್ದದ ಒಂದೇ ಬೊಂಬು, ಮುಂದೆ ಇಬ್ಬರು, ಹಿಂದೆ ಇಬ್ಬರು. ಹೊರುವವರು ಮಾತ್ರ ನಿಜವಾದವರು. ಬಾಳೆಹೊನ್ನೂರು ಕಡೆಯಲ್ಲಿ ದೇವರ ಪಲ್ಲಕ್ಕಿ ಹೊತ್ತು ಹೆಗಲು ಗಟ್ಟಿಯಾದ ನಾಲ್ವರು. ಅವರಲ್ಲಿ ಹಿರಿಯ ಚನ್ನಪ್ಪ.

ಮೊದಲ ಸಲ ಎತ್ತಿದಾಗ ಚನ್ನಪ್ಪಣ್ಣ ಕೇಳಿದ, "ಅಕ್ಕ, ಒಳಗಿದೀರಾ, ಇಳ್ದು ಹೋದ್ರಾ?"

"ಇದೀನಿ, ಬೀಳಿಸ್ಬೇಡಿ ಮಾರಾಯ್ರೆ," ಅಂದೆ.

"ದೇವರ ಪಲ್ಲಕ್ಕಿ ಮುಂದೆ ಇದು ಬೆಂಡು," ಎಂದು ಹಿಂದೆ ಹೊತ್ತಿದ್ದ ಮಂಜಪ್ಪ ನಕ್ಕ.

ಮಧ್ಯಾಹ್ನದವರೆಗೆ ಗದ್ದೆಯ ಅಂಚಿನಲ್ಲಿ, ಕಾಡುದಾರಿಯಲ್ಲಿ ಚಿತ್ರ ತೆಗೆದರು. ಸುಧೀರನದು ಹೊಸ ಡಿಜಿಟಲ್ ಕ್ಯಾಮೆರಾ. ಪ್ರತಿ ಸಲವೂ ಅದರ ಬೆನ್ನಿನ ಪುಟ್ಟ ಪರದೆಗೆ ನಾವೆಲ್ಲ ತಲೆ ತೂರಿಸಿ ನೋಡುತ್ತಿದ್ದೆವು. ಊಟವಾಯಿತು. ನೋಡಲು ಬಂದಿದ್ದ ಊರಿನವರು ಮನೆಗೆ ಹೋದರು.

ಕೊನೆಯ ಚಿತ್ರ ಸಂಕದ ಮೇಲೆ. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿ ಹಾಸಿದ ಕಾಲುಸೇತುವೆ ಅದು. ಹಳೆಯ ಕಾಲದ ನೋಟ ಬರಲೆಂದು ಸುಧೀರನ ಕಡೆಯವರು ಹಿಂದಿನ ಸಂಜೆ ದಡದಲ್ಲೇ ನಿಂತು ದಿಮ್ಮಿಗಳ ಮೇಲೆ ಕೆಮ್ಮಣ್ಣು ಎರಚಿ, ಹುಲ್ಲಿನ ಹೆಂಟೆ ಹರಡಿದ್ದರು. ನಿಜಕ್ಕೂ ಚಂದ ಕಾಣುತ್ತಿತ್ತು. ಕೆಳಗೆ ಎರಡಾಳು ಆಳದಲ್ಲಿ ಬರೀ ಬಂಡೆ. ಸುಧೀರ ಈಚೆ ದಡದಿಂದ ಸ್ವಲ್ಪ ಕೆಳಗಿಳಿದು ಒಂದು ಕಲ್ಲಿನ ಮೇಲೆ ನಿಂತ. ನಾನು ಪರದೆಯನ್ನು ಎರಡು ಬೆರಳಲ್ಲಿ ಸರಿಸಿ ಹಳ್ಳ ನೋಡಬೇಕು, ಅಷ್ಟೇ.

ಮೇನೆ ಹೊರಟಿತು. ಸಂಕಕ್ಕೆ ಇನ್ನು ಐದಾರು ಹೆಜ್ಜೆ ಇತ್ತು. ಆಗ ನನ್ನ ಎದುರಿನ ಹಾಸಿಗೆ ತಗ್ಗಿತು. ಮಂಚದಲ್ಲಿ ಕೂತಿರುವಾಗ ಇನ್ನೊಬ್ಬರು ಬಂದು ಕೂತರೆ ಹೇಗೆ ತಗ್ಗುತ್ತದೋ ಹಾಗೆ, ನಿಧಾನವಾಗಿ. ಒಂದು ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಬಸ್ಸಿನಲ್ಲಿ ಜಾಗ ಬಿಡುವಂತೆ ನಾನು ಕಾಲೆಳೆದುಕೊಂಡು ಹಿಂದಕ್ಕೆ ಸರಿದೆ. ಸರಿದ ಮೇಲೆ ನೋಡಿದೆ. ಎದುರಿಗೆ ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಚನ್ನಪ್ಪಣ್ಣನ ದನಿ ಬಂತು. "ತಡೀರಿ. ಭಾರ ಬಂತು."

"ಹಿಂದೂ ಬಂತು," ಅಂದ ಮಂಜಪ್ಪ. ಅವನ ಉಸಿರು ಸಿಕ್ಕಿಕೊಂಡಿತ್ತು.

ನಾಲ್ವರೂ ನಿಂತರು. ಬೊಂಬಿಗೆ ಕೋಲು ಆನಿಸಿ ಮೇನೆಯನ್ನು ನೆಲಕ್ಕಿಳಿಸಿದರು. ಸುಧೀರ ಕೆಳಗಿನಿಂದ ಕೂಗಿದ, "ಯಾಕ್ರೀ ನಿಲ್ಸಿದ್ರಿ? ಬೆಳಕು ಹೋಗ್ತದೆ!"

"ದೇವರ ಪಲ್ಲಕ್ಕಿಗೆ ಹೀಗೆ ಭಾರ ಬಂದ್ರೆ ಮುಂದೆ ಹೆಜ್ಜೆ ಇಡೋ ಪದ್ಧತಿ ಇಲ್ಲ ಸ್ವಾಮಿ. ತಿರುಗಿ ಹೋಗ್ಬೇಕು."

"ಅದು ಪ್ಲೈವುಡ್ ಮಾರಾಯ್ರೆ! ಅದ್ರೊಳಗೆ ದೇವ್ರಿಲ್ಲ, ಮೇಡಂ ಇರೋದು!"

"ಒಳಗೆ ಎಂತ ಇದೆ ಅಂತ ಹೊತ್ತವ್ರಿಗೆ ಗೊತ್ತಾಗ್ತದೆ," ಎಂದು ಚನ್ನಪ್ಪಣ್ಣ ಹೆಗಲಿನ ಬಟ್ಟೆ ಕೊಡವಿದ.

ಸುಧೀರ ದಡ ಹತ್ತಿ ಬಂದ. ಕೋಪದಲ್ಲಿದ್ದ. ನೀವಾಗದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಅಂದ. ನನ್ನತ್ತ ತಿರುಗಿ, "ಮೇಡಂ, ನೀವು ಓದಿದವರು, ನೀವಾದ್ರೂ ಹೇಳಿ," ಅಂದ. ನಾನು ಮೇನೆಯಿಂದ ಇಳಿದು ನಿಂತಿದ್ದೆ. ನನಗೂ ತಿಳಿಯಿತು ಎಂದು ಹೇಳಲು ಬಾಯಿ ಬರಲಿಲ್ಲ. ಸೆರಗು ಸರಿಮಾಡಿಕೊಂಡೆ.

"ಇಲ್ನೋಡಿ, ಇದ್ರ ಮೇಲೆ ಆನೆ ಹೋದ್ರೂ ಎಂತ ಆಗಲ್ಲ," ಎನ್ನುತ್ತ ಸುಧೀರ ಮಂಜಪ್ಪನ ಕೈಯ ಕೋಲು ಕಿತ್ತುಕೊಂಡು ಹೋಗಿ, ದಡದಲ್ಲೇ ನಿಂತು ಸಂಕದ ಮೇಲೆ ಬಲವಾಗಿ ಕುಟ್ಟಿದ. ಮೂರನೆಯ ಏಟಿಗೆ ಮಣ್ಣು ಒಳಕ್ಕೆ ಇಳಿಯಿತು. ಹುಲ್ಲಿನ ಹೆಂಟೆ ಇಳಿಯಿತು. ಆಮೇಲೆ ದಿಮ್ಮಿಗಳು ನಡುವೆ ಮುರಿದು, ಒಳಗಿನ ಕೊಳೆತ ಕಪ್ಪು ತಿರುಳು ಕಾಣಿಸುತ್ತ, ಬಂಡೆಗಳ ಮೇಲೆ ಬಿದ್ದವು. ಸುಧೀರ ಕೋಲು ಬಿಟ್ಟು ಹಿಂದಕ್ಕೆ ಕುಕ್ಕರಿಸಿದ.

ಶಬ್ದ ಕೇಳಿ ಜಗಲಿಯ ಮನೆಯ ಯಜಮಾನರು ಓಡಿ ಬಂದರು. "ಈ ಸಂಕದ ಮೇಲೆ ಓಡಾಟ ಬಿಟ್ಟು ಮೂರು ಮಳೆಗಾಲ ಆಯ್ತಲ್ಲ ಮಾರಾಯ್ರೆ! ನೀವು ದೂರದಿಂದ ಫೋಟೋ ತೆಗೀತೀರಿ ಅಂದ್ಕೊಂಡಿದ್ದೆ," ಎಂದು ತಲೆ ಮೇಲೆ ಕೈಯಿಟ್ಟುಕೊಂಡರು.

ವಿಚಿತ್ರವೆಂದರೆ, ಆಮೇಲಿನ ಆ ಸಂಜೆಯಷ್ಟು ಸಂತೋಷದ ಸಂಜೆ ನನಗೆ ಬೇರೆ ನೆನಪಿಲ್ಲ. ಯಜಮಾನರ ಮನೆಯಲ್ಲಿ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟರು. ಸುಧೀರ ನಾಲ್ವರಿಗೂ ಕೈಮುಗಿದ. ಬೆಳಕಿರುವಷ್ಟರಲ್ಲಿ ಅಂಗಳದಲ್ಲೇ ಮೇನೆ ಇರಿಸಿ ಒಂದು ಚಿತ್ರ ತೆಗೆದ. ಅಂಗಡಿಯವರು ಆರಿಸಿದ್ದು ಅದನ್ನೇ. ಆ ಚಿತ್ರದ ನಗು ಅಭಿನಯದ್ದಲ್ಲ.

ಹೊರಡುವಾಗ ಚನ್ನಪ್ಪಣ್ಣ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಕ್ಕ, ನಿಮಗೂ ಗೊತ್ತಾಯ್ತಲ್ಲ?"

"ಇಲ್ಲಪ್ಪ," ಅಂದೆ.

ಅವನು ನನ್ನ ಮುಖ ನೋಡಿ, "ಇರ್ಲಿ ಬಿಡಿ," ಎಂದು ನಕ್ಕು ವ್ಯಾನು ಹತ್ತಿದ.

ನಾನು ಲೆಕ್ಕ ಹಾಕದೆ ಬಿಟ್ಟಿಲ್ಲ. ಸಂಕದ ಕಡೆಗೆ ದಾರಿ ಇಳಿಜಾರಾಗಿತ್ತು. ಇಳಿಜಾರಿನಲ್ಲಿ ಮುಂದಿನವರ ಮೇಲೆ ಭಾರ ಹೆಚ್ಚಬಹುದು. ಆದರೆ ಆಗ ಹಿಂದಿನವರಿಗೆ ಹಗುರವಾಗಬೇಕಿತ್ತು, ಮಂಜಪ್ಪನ ಉಸಿರು ಸಿಕ್ಕಬಾರದಿತ್ತು. ಹಾಸಿಗೆ ತಗ್ಗಿದ್ದು ಮೇನೆ ವಾಲಿದ್ದರಿಂದ ಎಂದುಕೊಳ್ಳೋಣ. ಮೊಣಕಾಲಿಗೆ ತಾಗಿದ ಮೊಣಕಾಲಿಗೆ ನನ್ನ ಬಳಿ ಲೆಕ್ಕವಿಲ್ಲ. ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಚನ್ನಪ್ಪಣ್ಣ ಸುಧೀರನ ಮಾತಿಗೆ ಸೋತು ಬೊಂಬು ಎತ್ತಲು ಒಪ್ಪಿದ್ದರೆ, ನಾನು ಗೊತ್ತಿದ್ದೂ ಸುಮ್ಮನೆ ಮೇನೆ ಹತ್ತುತ್ತಿದ್ದೆನೇ? ಹತ್ತುತ್ತಿದ್ದೆ ಅನಿಸುತ್ತದೆ.

ಈಗಲೂ ಬಸ್ಸಿನಲ್ಲಿ ಪಕ್ಕದ ಸೀಟು ತಗ್ಗಿದರೆ ತಟ್ಟನೆ ತಿರುಗಿ ನೋಡುತ್ತೇನೆ. ಯಾರೋ ಒಬ್ಬರು ಚೀಲ ಮಡಿಲಿಗೆಳೆದುಕೊಂಡು ಕೂತಿರುತ್ತಾರೆ. ಕಾಲು ಸರಿಸಿ ಜಾಗ ಬಿಡುತ್ತೇನೆ.